ಅವ್ವನ ಡಬ್ಬಿ, ಅಪ್ಪನ ಎರಡು ಆಂಟೆನಾ

ಪ್ರಜ್ಞಾ, ಗೌತಮ, ನಿಮ್ಮೆದುರು ಕೂತು ಹೇಳಲು ಈ ಅಜ್ಜಿಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಭಾತಂಬ್ರಾದ ಶಾಲೆಗೆ ಹೋಗುತ್ತಿದ್ದ ಆ ಕಾಲದಲ್ಲಿ ಊರಿಗೆಲ್ಲ ಒಂದೆರಡು ಫೋನು. ಆದರೆ ನಮ್ಮ ಮನೆಯಲ್ಲಿ ರಿಪೀಟರ್ ಇತ್ತು. ಮಿಲಿಟರಿಯಲ್ಲಿ ರೇಡಿಯೋ ಕೆಲಸ ಮಾಡಿ ಬಂದ ಅಪ್ಪ ಲೈಸೆನ್ಸ್ ಪಡೆದು ಕೂಡಿಸಿದ್ದು. ದೂರದ ಸಣ್ಣ ರೇಡಿಯೋದ ದನಿಯನ್ನು ಕೇಳಿ ಅದೇ ಗಳಿಗೆಗೆ ಜೋರಾಗಿ ಮುಂದೆ ಕಳಿಸುತ್ತಿತ್ತು. ಡಾಬಕಾದಲ್ಲಿ ಹಾಸಿಗೆ ಹಿಡಿದಿದ್ದ ಅಪ್ಪನ ಗೆಳೆಯ ಮಾಣಿಕ ಮಾಮಾ ಸಂಜೆ ಬೀದರಿನವರೊಡನೆ ಹರಟುತ್ತಿದ್ದದ್ದು ಅದರಿಂದಲೇ.

ನಾವೇ ಕೂಗುವಾಗ ಬೇರೆಯವರ ಮಾತು ಕೇಳಿಸದಲ್ಲ, ರಿಪೀಟರಿಗೂ ಅದೇ ರೋಗ. ಮದ್ದು ಡುಪ್ಲೆಕ್ಸರ್: ಹೋಗುವ ದನಿಯನ್ನೂ ಬರುವ ದನಿಯನ್ನೂ ಬೇರೆ ಮಾಡುವ ಡಬ್ಬಿಗಳ ಸಾಲು. ಅವ್ವ ತವರಿನಿಂದ ತಂದ, ತಳದಲ್ಲಿ ಅವಳ ಹೆಸರು ಕೊರೆದಿದ್ದ ಹಿತ್ತಾಳೆ ಡಬ್ಬಿಗಳಿಂದಲೇ ಅಪ್ಪ ಅದನ್ನು ಮಾಡಿದ್ದ. ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ವಾಸನೆ ಹೋಗಿ ಬೆಸುಗೆಯ ವಾಸನೆ ಬಂತೆಂದು ಅವ್ವ ನಗುತ್ತಿದ್ದಳು.

ಒಂದು ಬೇಸಿಗೆ ಮನೆ ಪಾಲಾಯಿತು. ಅಪ್ಪನ ತಮ್ಮ, ನಮ್ಮ ಕಾಕಾ, ಡುಪ್ಲೆಕ್ಸರಿಗೆ ಕೈ ಹಾಕಿದ.

"ಅದು ನನ್ನ ತವರಿನ ಭಾಂಡಿ ಅದ ತಮ್ಮಾ. ಹೆಸರು ನೋಡು," ಅಂದಳು ಅವ್ವ.

"ಭಾಂಡಿ ಇದ್ದಾಗ ನಿಮ್ದಿತ್ತು ವೈನಿ. ಈಗ ಮಶೀನ್ ಆಗ್ಯಾದ, ಮನಿತನದ್ದು. ಇನ್ನ ಇದ್ರಾಗ ಹಿಂಡಿ ತುಂಬ್ತೀರೇನು?"

ಪಾಲು ಮಾಡಲು ಕೂತ ಪಂಚರು ನಕ್ಕರು. ಅವ್ವ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಕಾಕಾ ತನ್ನದೇ ರಿಪೀಟರ್ ಕೂಡಿಸಲೆಂದು ಡಬ್ಬಿಗಳನ್ನು ಭಾಲ್ಕಿಯ ತನ್ನ ಮನೆಗೆ ಒಯ್ದ. ಮಾಣಿಕ ಮಾಮಾನ ದನಿ ನಿಂತಿತು.

"ಡಬ್ಬಿ ಇಲ್ದ ನಡಿಯಂಗಿಲ್ಲೇನ್ರಿ?" ಅವ್ವ ಮರುದಿನ ಅಪ್ಪನನ್ನು ಕೇಳಿದಳು.

"ನಡೀತದ. ಕೇಳೋದಕ್ಕೊಂದು, ಕೂಗೋದಕ್ಕೊಂದು ಆಂಟೆನಾ ಬೇಕು. ನಡುವ ದೂರ ಬೇಕು."

"ಹಂಗಾದ್ರ ಹಚ್ಚರಿ. ಭಾಲ್ಕಿಗಿ ನಮ್ಮ ದನಿ ಕೇಳಬೇಕು."

ಮಾಳಿಗೆಯ ಎರಡು ತುದಿಗೆ ಕಟ್ಟಿದೆವು, ಸಾಲಲಿಲ್ಲ. ಆಮೇಲೆ ಅಪ್ಪ ಹಳೆಯ ಕಬ್ಬಿಣದ ಪೈಪುಗಳನ್ನು ಜೋಡಿಸಿ ಬೇವಿನ ಮರಕ್ಕಿಂತ ಎತ್ತರ ನಿಲ್ಲಿಸಿದ. ಕೇಳುವುದು ತುದಿಯಲ್ಲಿ, ಕೂಗುವುದು ನೇರ ಕೆಳಗೆ. ಹಗ್ಗ ಹಿಡಿದು ನನ್ನ ಅಂಗೈ ಸುಲಿಯಿತು, ತಲೆಯ ಮೇಲೆ ಬೇವಿನ ಹೂ ಉದುರಿತು. ಪವರ್ ತುಸು ಇಳಿಸಿದ ಮೇಲೆ ಮಾಣಿಕ ಮಾಮಾನ ದನಿ ಬಂತು: "ಎಲ್ಲಿದ್ದಿಯೋ, ಸತ್ತಿ ಅಂತ ಮಾಡಿದ್ದೆ."

ಅವ್ವ ಅಂದು ಹುಗ್ಗಿ ಮಾಡಿದಳು.

ಇತ್ತ ಟೆಂಪೋದ ಕುಲುಕಾಟಕ್ಕೆ ಕಾಕಾನ ಡಬ್ಬಿಗಳ ಟ್ಯೂನ್ ತಪ್ಪಿತ್ತು. ಸರಿಮಾಡಲು ಅವನಿಗೆ ಬರಲಿಲ್ಲ. ಮಳೆಗಾಲದ ಮೊದಲೇ ಅಂಗಳಕ್ಕೆ ಬಂದ.

"ಅಣ್ಣಾ, ಜರಾ ಬಂದು ಸ್ಕ್ರೂ ತಿರುವಿ ಕೊಡು."

ಅಪ್ಪ ಏಳುವಷ್ಟರಲ್ಲಿ ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಡಬ್ಬಿ ನಿನ್ನ ಪಾಲಿಗಿ ಬಂದ್ವು. ಇವರ ಕೈನೂ ಬಂದ್ವೇನು ತಮ್ಮಾ? ಹೋಗು, ಅದ್ರಾಗ ಹಿಂಡಿ ತುಂಬು."

ನಾಲ್ಕು ಜನರ ಮುಂದೆ ಬಾಯಿ ಬಿಡದ ನಾನು, ಪಂಚರು ನಕ್ಕಷ್ಟೇ ಜೋರಾಗಿ ನಕ್ಕೆ.

ಈಗ ಎಲ್ಲರ ಕೈಯಲ್ಲೂ ಮೊಬೈಲು. ಅವ್ವ, ಅಪ್ಪ, ಮಾಣಿಕ ಮಾಮಾ ಯಾರೂ ಇಲ್ಲ. ಪೈಪು ಗುಜರಿಗೆ ಹೋಯಿತು. ಡಬ್ಬಿಗಳು ಮಾತ್ರ ಭಾಲ್ಕಿಯ ಆ ಮನೆಯ ಶೋಕೇಸಿನಲ್ಲಿವೆಯಂತೆ. ತಮ್ಮಜ್ಜ ಮಾಡಿದ್ದೆಂದು ಕಾಕಾನ ಮೊಮ್ಮಕ್ಕಳು ಬಂದವರಿಗೆಲ್ಲ ತೋರಿಸುತ್ತಾರಂತೆ. ನಿಮ್ಮ ಅಜ್ಜ ಇದ್ದಾಗ, ಬಿಟ್ಟುಬಿಡು ಅನ್ನುತ್ತಿದ್ದರು. ನನ್ನಿಂದಾಗಲಿಲ್ಲ. ಹೋಗಿ ಕೇಳುವ ಧೈರ್ಯವೂ ಬರಲಿಲ್ಲ.

ನೀವು ಹೋಗಿ. ಎಲ್ಲರ ಎದುರು ಒಂದು ಡಬ್ಬಿಯ ತಳ ತಿರುಗಿಸಿ, ಅಲ್ಲಿ ಕೊರೆದ ಹೆಸರನ್ನು ಜೋರಾಗಿ ಓದಿ: ಭೀಮಾಬಾಯಿ. ಅಲ್ಲಿಯವರೆಗೆ ಈ ಹಾಳೆಗಳನ್ನು ಜೋಪಾನವಾಗಿಡಿ.