ಕೆಳಗೆ ಬೀಳದ ಕಲ್ಲು

ಗರಗದ ಗಂಗವ್ವ, ಮೊಣಕಾಲ ನೋವು ಕಡಿಮೆಯಾಯಿತೇ? ಗಬ್ಬೂರಿನ ರಾಜು, ಮಗುವಿನ ಕೆಮ್ಮು ಹೇಗಿದೆ? ನಿಮ್ಮ ಪತ್ರಗಳು ತಲುಪಿದವು; ದೂರದ ಈ ಊರಲ್ಲಿ ನಾನು ಆರಾಮಾಗಿದ್ದೇನೆ.

ಇವತ್ತು ಪಾರ್ಸಲ್ಲಿಗೆ ಸುತ್ತಿದ್ದ ಸುತಳಿಯ ವಾಸನೆಗೆ ಶಿರಗುಪ್ಪಿಯ ನಮ್ಮ ಹೊಲ ನೆನಪಾಯಿತು. ಜೋಳ ಹಾಲುಗಾಳಾದಾಗ ಸೋದರತ್ತೆ ಅಟ್ಟಣಿಗೆ ಏರಿ, ನಾರಿನ ಕವಣೆಯಿಂದ ಕಲ್ಲು ಬೀಸಿ ಗುಬ್ಬಿ ಓಡಿಸುತ್ತಿದ್ದಳು. ಆ ಕವಣೆಗಾಗಿ ಅವಳನ್ನು ದಿನವೂ ಕಾಡುತ್ತಿದ್ದೆ.

“ನೀ ಒಗೆದ ಕಲ್ಲು ಕೆಳಗ ಬೀಳಲಿಲ್ಲಂದ್ರ ಕವಣಿ ನಿಂದು,” ಎಂದು ಒಮ್ಮೆ ನಕ್ಕಳು.

ಇದ್ದ ಬಲವೆಲ್ಲ ಹಾಕಿ ಮುಗಿಲಿಗೆ ಬೀಸಿದೆ. ಎಷ್ಟು ಹೊತ್ತಾದರೂ ಸಪ್ಪಳವಿಲ್ಲ. “ಬೀಳಲಿಲ್ಲ! ಕವಣಿ ನಂದು!” ಎಂದು ಕುಣಿದೆ.

ಸಿಕ್ಕ ಪುಸ್ತಕವನ್ನೆಲ್ಲ ಓದುವ ನಮ್ಮ ಕಾಕಾ ಬುತ್ತಿ ತಂದಿದ್ದ. “ಹುಚ್ಚಿ, ಎರಿ ಹೊಲದ ಬಿರುಕಿನಾಗ ಬಿದ್ದೈತಿ. ಬೀಳಬಾರದಂದ್ರ ಎರಡು ಚಿಟಿಕಿ ಹೊಡಿಯೂದ್ರಾಗ ಹುಬ್ಬಳ್ಳಿಯಿಂದ ಧಾರವಾಡ ಮುಟ್ಟೂವಷ್ಟು ಜೋರ ಬೇಕು. ಮ್ಯಾಲೆ ಹೋದಂಗ ಭೂಮಿ ಜಗ್ಗೂದು ಕಡಿಮಿ ಆಗತೈತಿ. ಅಂಥಾ ಕಲ್ಲು ನಿಧಾನ ಆಗತೈತಿ, ಆದ್ರ ಹೊಳ್ಳಿ ಬರೂದಿಲ್ಲ,” ಎಂದ.

ಕವಣೆ ಹೋಯಿತೆಂದು ನನ್ನ ಕಣ್ಣು ತುಂಬಿದವು. ಅತ್ತೆ ಮುಗಿಲನ್ನೇ ನೋಡುತ್ತ ಕೇಳಿದಳು, “ಅಷ್ಟು ದೂರ ಹೋದಮ್ಯಾಲೆ ಭೂಮಿ ಅದನ್ನ ಬಿಟ್ಟಬಿಡತೈತೇನೋ?”

“ಇಲ್ಲಕ್ಕಾ. ಎಷ್ಟು ದೂರ ಹೋದ್ರೂ ಒಂದೀಟು ಜಗ್ಗತನ ಇರತೈತಿ.”

ಗುಬ್ಬಿಗಳ ಹಿಂಡು ತೆನೆಗಳ ಮೇಲೆ ಇಳಿಯಿತು. ಅತ್ತೆಗೆ ಅದರ ಪರಿವೆಯಿಲ್ಲ. ಮುಗಿಲಿನಿಂದ ಕಣ್ಣು ತೆಗೆಯದೆ ಕವಣೆಯನ್ನು ನನ್ನ ಕೈಗಿಟ್ಟಳು. “ನೀನ ಹೊಡಿ.”

ಆ ನಾರಿನ ಬಿಗಿ ಇನ್ನೂ ಬೆರಳಲ್ಲಿದೆ. ನಿಮ್ಮನ್ನೂ ಇಲ್ಲಿಂದ ಜಗ್ಗುತ್ತಲೇ ಇದ್ದೇನೆ. ಓದಿ ಸುಮ್ಮನಿರಬೇಡಿ, ಲಗೂನೇ ನಾಲ್ಕು ಸಾಲು ಬರೆಯಿರಿ.