ಸಾಹೇಬರು ನಿಂತಿರುವಾಗ ಸಂಕ ಹಾಕಬಾರದು

ಹೊಳೆಯ ಆ ದಡದಲ್ಲಿ ನಿಂತಿದ್ದವಳು ನನ್ನ ಸ್ಟೂಡೆಂಟ್. ಈ ದಡದಲ್ಲಿ ನಿಂತಿದ್ದವನೂ ನನ್ನ ಸ್ಟೂಡೆಂಟ್.

ಆ ದಡದ ನಾಗವೇಣಿಗೆ ಹದಿನಾರು ವರ್ಷ. ಮಾರನೇ ದಿನ ಬೆಳಿಗ್ಗೆ ಶಿರಸಿಯಲ್ಲಿ ಅವಳಿಗೆ ಎಸ್ಸೆಸ್ಸೆಲ್ಸಿಯ ಇಂಗ್ಲಿಷ್ ಸಪ್ಲಿಮೆಂಟರಿ ಪರೀಕ್ಷೆ. ಹಾಲ್ ಟಿಕೆಟನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಎದೆಗೆ ಅವುಚಿಕೊಂಡಿದ್ದಳು. ಈ ದಡದವರು ನಮ್ಮ ಶಾಸಕರು. ಅವರ ತಲೆಯ ಮೇಲೆ ಕೊಡೆ. ಕೊಡೆ ಹಿಡಿದ ಕೈ ಮಾತ್ರ ಬೇರೆಯವರದು. ಇಬ್ಬರ ನಡುವೆ ಜೂನ್ ತಿಂಗಳ ಕೆಂಪು ನೀರು ಬಂಡೆಗೆ ಬಡಿದು ಹಾರುತ್ತಿತ್ತು. ದಾಟಲು ಸಂಕವಿಲ್ಲ.

ಯಾಕಿಲ್ಲ? ಅದನ್ನು ಹೇಳಲಿಕ್ಕೇ ಈ ವಾರ ಕೂತಿದ್ದೇನೆ.

ಮೊದಲು ಶಾಸಕರ ಕೆರಿಯರ್ ಹೇಳಿಬಿಡುತ್ತೇನೆ. ಹೆಸರು ಬೇಡ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಎಲ್ಲಿ ಹೋದರೂ ಆ ಮನೆಯವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಅಜ್ಜ ದೊಡ್ಡಸಾಹೇಬರು, ಅಪ್ಪ ಸಾಹೇಬರು, ಇವರು ಮರಿಸಾಹೇಬರು. ನಲವತ್ತು ದಾಟಿದೆ, ಇನ್ನೂ ಮರಿಯೇ.

ದೊಡ್ಡಸಾಹೇಬರನ್ನು ನಾನು ಕಂಡಿದ್ದೇನೆ. ಜೈಲಿಗೆ ಹೋಗಿ ಬಂದವರು, ಖಾದಿಯನ್ನು ತಾವೇ ಒಗೆದುಕೊಳ್ಳುವವರು. ಮೊಮ್ಮಗ ನನ್ನ ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ಚೀಟಿ ಕಳಿಸಿದ್ದರು: "ಹುಡುಗ ಹೋಮ್‌ವರ್ಕ್ ಮಾಡಿಲ್ಲ. ಹೊಟ್ಟೆನೋವು ಎಂದರೆ ನಂಬಬೇಡಿ." ಎಂಥ ಹ್ಯಾಂಡ್‌ರೈಟಿಂಗ್! ನಾನು ಓದಿದ ಧಾರವಾಡದ ಕಾನ್ವೆಂಟಿನಲ್ಲಿ ನಮ್ಮ ನನ್ಸ್ ನೋಡಿದ್ದರೆ ಫ್ರೇಮ್ ಹಾಕಿಸುತ್ತಿದ್ದರು. ಆ ಚೀಟಿಯನ್ನು ಬಹಳ ವರ್ಷ ಇಟ್ಟುಕೊಂಡಿದ್ದೆ. ಮನೆ ಬದಲಾಯಿಸುವಾಗ ಎಲ್ಲೋ ಹೋಯಿತು. ಈಗಲೂ ಒಮ್ಮೊಮ್ಮೆ ನೆನಪಾಗುತ್ತದೆ.

ಅದೇ ಹುಡುಗ ಒಂಬತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಅಜ್ಜ ಇರಲಿಲ್ಲ. ಅಪ್ಪ ಮಂತ್ರಿ. ವಾರ್ಷಿಕ ಪರೀಕ್ಷೆಯಲ್ಲಿ ಹುಡುಗನಿಗೆ ಇಂಗ್ಲಿಷಿನಲ್ಲಿ ಹತ್ತೊಂಬತ್ತು. ಈ ಸಲ ಚೀಟಿ ಬರಲಿಲ್ಲ, ಜೀಪು ಬಂತು. ಜೀಪಿನಲ್ಲಿ ಒಂದು ಬುಟ್ಟಿ ಕಿತ್ತಳೆ. ನಾನು ಕಿತ್ತಳೆಯನ್ನು ವಾಪಸ್ ಕಳಿಸಿ, ಹುಡುಗನನ್ನು ಪಾಸು ಮಾಡಿದೆ.

ಉಲ್ಟಾ ಮಾಡಬೇಕಿತ್ತು.

ಆಮೇಲೆ ಬೆಂಗಳೂರು. ಲಾ ಕಾಲೇಜು ಸೇರಿದ, ಬಿಟ್ಟ. ಗ್ರಾನೈಟ್ ಬಿಸಿನೆಸ್ ಶುರು ಮಾಡಿದ, ಮುಳುಗಿಸಿದ. ತೊಂಬತ್ತರ ದಶಕದಲ್ಲಿ ಅಪ್ಪ ಕುರ್ಚಿಯಲ್ಲಿರುವಾಗಲೇ ತೀರಿಕೊಂಡರು. ಹನ್ನೆರಡನೇ ದಿನದ ಊಟದ ಪಂಕ್ತಿ ಏಳುವ ಮೊದಲೇ ಮಗನಿಗೆ ಟಿಕೆಟ್ ನಿಕ್ಕಿಯಾಗಿತ್ತು. ಅಪ್ಪನ ಕರ್ಮಕ್ಕೆ ತಲೆ ಬೋಳಿಸಿಕೊಂಡಿದ್ದನಲ್ಲ, ಪೋಸ್ಟರಿಗೆ ಅದೇ ಫೋಟೋ. ಹೆಂಗಸರು ನೋಡಿ ನೋಡಿ ಅತ್ತರು, ಅತ್ತು ಅತ್ತು ಓಟು ಹಾಕಿದರು. ಮುಂದಿನ ಇಲೆಕ್ಷನ್ನಿಗೆ ತಲೆತುಂಬ ಕೂದಲು ಬಂದಿತ್ತು. ಪೋಸ್ಟರಿನಲ್ಲಿ ಮಾತ್ರ ಬೋಳೇ ಉಳಿಯಿತು. ದುಃಖ ಎಂದರೆ ಹೀಗೆ ಬಾಳಿಕೆ ಬರಬೇಕು!

ನಡುವೆ ಎರಡು ಪಾರ್ಟಿ ಬದಲಾದವು. ಮಾತೂ ಬದಲಾಗುತ್ತದೆ, ಊರಿಗೆ ತಕ್ಕ ಹಾಗೆ. ತೋಟದ ಮನೆಗಳಲ್ಲಿ "ಆನು ನಿಂಗಳ ಮನೆ ಮಾಣಿ" (ನಾನು ನಿಮ್ಮ ಮನೆ ಹುಡುಗ) ಎನ್ನುತ್ತಾರೆ. ಮೂಡಲ ಗಡಿಯ ಹಳ್ಳಿಗಳಲ್ಲಿ "ಬರ್ರಿ ಯಜಮಾನ್ರ, ಕುಂದರ್ರಿ". ಒಂದೇ ದಿನ, ಒಂದೇ ಬಾಯಿ. ಇಂಗ್ಲಿಷಿನಲ್ಲಿ ಹತ್ತೊಂಬತ್ತು ತೆಗೆದವನಿಗೆ ಇಷ್ಟು ಭಾಷೆ ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಈಗ ಸಂಕದ ಕತೆ. (ಬಯಲುಸೀಮೆಯ ಓದುಗರಿಗೆ ಮಾತ್ರ: ಎರಡು ಮೂರು ಅಡಕೆ ಮರ ಹೊಳೆಗೆ ಅಡ್ಡ ಹಾಕಿ, ಹಿಡಿದುಕೊಳ್ಳಲು ಬಿದಿರು ಕಟ್ಟಿದರೆ ಅದೇ ಸಂಕ.) ನಾಗವೇಣಿಯ ಕೇರಿ ಉಮ್ಮಚಗಿಯಿಂದ ಒಳಗೆ ಹೊಳೆಯಾಚೆ ಇದೆ. ಹದಿನಾಲ್ಕು ಮನೆ. ಪ್ರತಿ ವರ್ಷ ಮಳೆಗೆ ಮೊದಲು ಮನೆಗೊಬ್ಬರು ಸೇರಿ ಸಂಕ ಹಾಕುತ್ತಾರೆ. ಅರ್ಜಿ ಇಲ್ಲ, ಟೆಂಡರ್ ಇಲ್ಲ. ಒಂದು ದಿನದ ಕೆಲಸ, ಕೊನೆಯಲ್ಲಿ ಬೆಲ್ಲ ಹಾಕಿದ ಅವಲಕ್ಕಿ.

ಈ ವರ್ಷವೂ ಮರ ಕಡಿದು ಒಣಗಿಸಿ ಇಟ್ಟಿದ್ದರು. ಅಷ್ಟರಲ್ಲಿ ಮೇ ತಿಂಗಳಲ್ಲಿ ಮರಿಸಾಹೇಬರು ಬಂದರು, ಸಿಮೆಂಟ್ ಸೇತುವೆಗೆ ಭೂಮಿಪೂಜೆ ಮಾಡಲು. ಚಪ್ಪರಕ್ಕೆ ಕಂಬ ಬೇಕಲ್ಲ? ಸಂಕಕ್ಕೆ ಇಟ್ಟ ಮರಗಳೇ ಕಂಬವಾದವು. ಭಾಷಣ ಮುಗಿಯಿತು, ತೆಂಗಿನಕಾಯಿ ಒಡೆಯಿತು, ಚಪ್ಪರದವನ ಲಾರಿಯಲ್ಲಿ ಶಾಮಿಯಾನದ ಜೊತೆ ಮರಗಳೂ ಹೋದವು. ಉಳಿದದ್ದು ಒಂದು ಕಲ್ಲು. ಕಲ್ಲಿನ ಮೇಲೆ ಹೆಸರು.

ಬೇರೆ ಮರ ಕಡಿಯಬಹುದಿತ್ತಲ್ಲ? ನಾನೂ ಹಾಗೇ ಕೇಳಿದ್ದೆ. ಮೇ ಕೊನೆಯ ಭಾನುವಾರ ಮಗಳನ್ನು ಶಿರಸಿಯ ನಮ್ಮನೆಗೆ ಟ್ಯೂಷನ್ನಿಗೆ ಬಿಡಲು ಬಂದ ಗಣಪು, ನಾಗವೇಣಿಯ ಅಪ್ಪ, ನನ್ನ ಮುಖ ನೋಡದೆ ಹೇಳಿದ:

"ಸಾಯೇಬ್ರು ಪಾಯ ಹಾಕಿ ಹೋದ ಮ್ಯಾಲೆ ನಾವು ಸಂಕ ಹಾಕುದು ಹ್ಯಾಂಗೆ ಅಮ್ಮ? ಅವರ ಮಾತು ನಂಬ್ಲಿಲ್ಲ ಅಂದಂಗೆ ಆಗ್ತದೆ."

"ಮಳೆ ಅವರ ಮಾತು ಕೇಳ್ತದಾ ಗಣಪು?"

"ದೊಡ್ಡಸಾಯೇಬ್ರು ನಮ್ಮನೇಲಿ ಗಂಜಿ ಉಂಡವ್ರು. ನನ್ನಪ್ಪ ಬಡ್ಸಿದ್ದ."

ಇದನ್ನು ನಾನು ಸಾವಿರ ಸಲ ಕೇಳಿದ್ದೇನೆ. ಪ್ರತಿ ಕೇರಿಯಲ್ಲಿ ಒಂದು ಗಂಜಿಯ ಕತೆ ಇದೆ. ಗಂಜಿ ಉಂಡವರು ಅವರು. ಋಣ ತೀರಿಸುತ್ತಿರುವವರು ಇವರು, ಮೂರು ತಲೆಮಾರಿನಿಂದ! ಇದು ಯಾವ ಊರಿನ ನ್ಯಾಯ?

"ಹಾಗಾದರೆ ಪರೀಕ್ಷೆ ಮುಗಿಯುವವರೆಗೆ ಹುಡುಗಿ ನಮ್ಮನೆಯಲ್ಲೇ ಇರಲಿ" ಎಂದೆ. ಒಪ್ಪಲಿಲ್ಲ. ಮನೆಯಲ್ಲಿ ಕೆಲಸಕ್ಕೆ ಜನ ಇಲ್ಲ, ಹಿಂದಿನ ದಿನ ಕಳಿಸುತ್ತೇನೆ ಎಂದ.

ಹಿಂದಿನ ದಿನ ಬಂದದ್ದು ನಾಗವೇಣಿ ಅಲ್ಲ, ಸುದ್ದಿ. ನಮ್ಮನೆ ಕೆಲಸಕ್ಕೆ ಬರುವ ಗಂಗೆ ಅವಳ ಚಿಕ್ಕಮ್ಮ. ಬೆಳಿಗ್ಗೆ ಬಾಗಿಲಲ್ಲೇ ಅಳುತ್ತ ನಿಂತಳು. "ಹೊಳೆ ಬಂದೋಯ್ತಂತೆ ಅಮ್ಮ. ಕಾಡಿನ ಮ್ಯಾಲಿಂದ ಸುತ್ತಿ ಬರುವಾಂದ್ರೆ ಅಲ್ಲೂ ಹಳ್ಳ ತುಂಬೈತಂತೆ. ಈ ಸಲನೂ ಪರೀಕ್ಷೆ ಹೋದ್ರೆ ಭಾವ ಹುಡ್ಗೀಗೆ ಮದುವೆ ಮಾಡ್ತೇನೆ ಅಂತ ಕುಂತಾನೆ."

ಆಗ ನಾನೇನು ಮಾಡಿದೆ? ಬುದ್ಧಿ ಇರುವ ಹೆಂಗಸು ನಾಲ್ಕು ಜನ ಗಟ್ಟಿ ಆಳುಗಳನ್ನು ಕರೆದುಕೊಂಡು ಹೋಗುತ್ತಿದ್ದಳು. ನಾನು ಮರಿಸಾಹೇಬರಿಗೆ ಫೋನ್ ಮಾಡಿದೆ. ನೋಡಿ, ನನ್ನೊಳಗೂ ಒಬ್ಬ ಗಣಪು ಕೂತಿದ್ದಾನೆ. ಕಾನ್ವೆಂಟ್ ಎಜುಕೇಷನ್ ಅವನನ್ನು ಹೊರಗೆ ಹಾಕಿಲ್ಲ.

"ಎಂತಕ್ಕೂ ಹೆದ್ರಡಿ ಟೀಚರ್, ಆನಿದ್ನಲಿ. ಆನೇ ಬರ್ತೆ" ಎಂದರು.

ಬಂದರು. ನಿಜವಾಗಿಯೂ ಬಂದರು! ಮೂರು ಕಾರು, ಒಬ್ಬ ಫೋಟೋಗ್ರಾಫರ್, ಕೈಯಲ್ಲಿ ಹಿಡಿಯುವ ಒಂದು ಮೈಕು. ನಾನು ಗಂಗೆಯನ್ನು ಕರೆದುಕೊಂಡು ಬಾಡಿಗೆ ಜೀಪಿನಲ್ಲಿ ಅಲ್ಲಿ ಮುಟ್ಟುವಾಗ ಮಧ್ಯಾಹ್ನ ಎರಡು ಗಂಟೆ. ಮರಿಸಾಹೇಬರು ತಮ್ಮದೇ ಹೆಸರಿನ ಕಲ್ಲಿನ ಪಕ್ಕ ನಿಂತು, ಹೊಳೆಯಾಚೆಗೆ ಮೈಕಿನಲ್ಲಿ ಮಾತಾಡುತ್ತಿದ್ದರು.

"ನನ್ನ ಅಜ್ಜ ಈ ಹೊಳೆಯನ್ನು ನಡೆದು ದಾಟಿದವರು..."

ಆಚೆ ದಡದಲ್ಲಿ ಹದಿನಾಲ್ಕು ಮನೆಯ ಗಂಡಸರು ಸಾಲಾಗಿ ನಿಂತಿದ್ದರು. ಕೈ ಮುಗಿದುಕೊಂಡು. ಕೈ ಮುಗಿದ ಮೇಲೆ ಆ ಕೈಯಲ್ಲಿ ಕೊಡಲಿ ಹಿಡಿಯುವುದು ಹೇಗೆ?

ಗಂಗೆ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದಳು. "ಭಾವಾ! ಎಂತ ನೋಡ್ತೆ ನಿಂತ್ಕಂಡು? ಮರ ಕಡ್ದು ಬೀಳ್ಸೋ!"

ಗಣಪು ಏನೋ ಕೂಗಿದ. ನೀರಿನ ಸದ್ದಿಗೆ ನನಗೆ ಅರ್ಥವಾಗಲಿಲ್ಲ. ಗಂಗೆ ಹಣೆ ಬಡಿದುಕೊಂಡು ಹೇಳಿದಳು: "ಸಾಯೇಬ್ರು ಹೋದ ಮ್ಯಾಲೆ ಕಡೀತಾನಂತೆ ಅಮ್ಮ. ಅವ್ರು ನಿಂತಿರುವಾಗ್ಲೇ ಸಂಕ ಹಾಕಿದ್ರೆ ಅವ್ರ ಮರ್ವಾದಿ ಎಲ್ಲಿ ಉಳೀತು ಅಂತಾನೆ."

My God! ಸಹಾಯಕ್ಕೆ ಅಂತ ಕರೆದ ಮನುಷ್ಯನೇ ಈಗ ಅಡ್ಡಿ. ಹೊಳೆಗಿಂತ ದೊಡ್ಡ ಅಡ್ಡಿ.

ಹತ್ತಿರ ಹೋಗಿ ಮೆತ್ತಗೆ ಹೇಳಿದೆ. "ನೀನು ಹೊರಡು. ನೀನು ಹೋದರೆ ಇವರು ಅರ್ಧ ತಾಸಿನಲ್ಲಿ ಸಂಕ ಹಾಕ್ತಾರೆ."

ನಕ್ಕರು. "ಜನ ಕಷ್ಟದಲ್ಲಿ ಇಪ್ಪಕಾದ್ರೆ ಆನು ಹೋಪಲೆ ಆಗ್ತಾ ಟೀಚರ್?"

"ನೀನು ಇಲ್ಲಿ ನಿಂತು ಏನು ಮಾಡ್ತಾ ಇದ್ದೀಯ?"

"ಆನು ಧೈರ್ಯ ಕೊಡ್ತಾ ಇದ್ದಿ."

ಗಂಟೆ ಮೂರಾಯಿತು. ಧೈರ್ಯ ಕೊಡುವುದು ನಿಲ್ಲಲಿಲ್ಲ. ಆಚೆ ದಡದಲ್ಲಿ ನಾಗವೇಣಿ ಕೂತುಬಿಟ್ಟಳು. ಹಾಲ್ ಟಿಕೆಟಿನ ಕೊಟ್ಟೆಯನ್ನು ತಲೆಯ ಮೇಲೆ ಇಟ್ಟುಕೊಂಡು, ಮೊಣಕಾಲಿಗೆ ಮುಖ ಒತ್ತಿಕೊಂಡು. ಅಷ್ಟು ದೂರದಿಂದಲೂ ಅವಳ ಭುಜ ಅಲುಗುವುದು ಕಾಣುತ್ತಿತ್ತು.

ಆಗ ನಾನು ಒಂದು ಸುಳ್ಳು ಹೇಳಿದೆ. ಎಪ್ಪತ್ತು ವರ್ಷದಲ್ಲಿ ಅಷ್ಟು ಶುದ್ಧವಾದ ಸುಳ್ಳನ್ನು ನಾನು ಹೇಳಿರಲಿಲ್ಲ. (ಮದರ್ ಸುಪೀರಿಯರ್ ಕ್ಷಮಿಸಲಿ.) "ಅಯ್ಯೋ, ಮರೆತೇಬಿಟ್ಟೆ. ಶಿರಸಿ ಐಬಿಯಲ್ಲಿ ಯಾರೋ ಟೀವಿಯವರು ನಿನ್ನ ಇಂಟರ್‌ವ್ಯೂಗೆ ಕಾಯ್ತಾ ಇದ್ದರು. ಬೆಂಗಳೂರಿಂದ ಬಂದವರಂತೆ."

ಜನರ ಕಷ್ಟ ಒಂದೇ ನಿಮಿಷದಲ್ಲಿ ಮುಗಿಯಿತು. ಮೂರೂ ಕಾರು ಕೆಸರು ಹಾರಿಸಿಕೊಂಡು ಹೋದವು. ಮೈಕು ಹಿಡಿದವನು ಕೊನೆಯ ಕಾರಿನ ಹಿಂದೆ ಓಡಿ ಹತ್ತಿದ.

ಕಾರಿನ ಸದ್ದು ತಿರುವು ದಾಟಿತೋ ಇಲ್ಲವೋ, ಆಚೆ ದಡದಲ್ಲಿ ಕೊಡಲಿಯ ಏಟು ಕೇಳಿಸಿತು. ಬಂಡೆಗಳ ನಡುವೆ ಹೊಳೆ ಕಿರಿದಾಗುವಲ್ಲಿ ಗಣಪುವಿನದೇ ಎರಡು ಅಡಕೆ ಮರ ಇದ್ದವು. ಹಸಿರು ಗೊನೆ ಹೊತ್ತ ಮರ. ಅವನ ಇಡೀ ತೋಟವೇ ಹತ್ತು ಗುಂಟೆ. ಮೊದಲನೆಯದು ಉರುಳಿ ತಲೆ ಈಚೆ ದಡಕ್ಕೆ ಬಡಿಯಿತು, ಹಿಂದೆಯೇ ಎರಡನೆಯದು. ನಮ್ಮ ಜೀಪಿನ ಡ್ರೈವರ್ ಈಚೆಯಿಂದ ಹಗ್ಗ ಕಟ್ಟಿದ. ಬಿದಿರು ಬಂತು. ಫಸಲಿನ ಮರ ಕಡಿಯಲು ಗಣಪುವಿನ ಕೈ ನಡುಗಲಿಲ್ಲ. ಸಾಹೇಬರ ಎದುರು ಕಡಿಯಬೇಕಾಗಿದ್ದರೆ ನಡುಗುತ್ತಿತ್ತು.

ಐದು ಗಂಟೆಗೆ ನಾಗವೇಣಿ ದಾಟಿದಳು. ಒಂದು ಕೈಯಲ್ಲಿ ಬಿದಿರು, ಹಲ್ಲಿನ ನಡುವೆ ಕೊಟ್ಟೆ. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಗಂಗೆ ಚೀರಿದ್ದರಿಂದ ಬಂದು ಮುಟ್ಟಿದಳೆಂದು ಗೊತ್ತಾಯಿತು.

ಪರೀಕ್ಷೆ ಬರೆದಳು. ಮರುದಿನದ ಪೇಪರಿನಲ್ಲಿ ಫೋಟೋ: ಹೊಳೆ, ಕೊಡೆ, ಮರಿಸಾಹೇಬರು. "ಶಾಸಕರ ಸಕಾಲಿಕ ನೆರವು, ವಿದ್ಯಾರ್ಥಿನಿಗೆ ಪರೀಕ್ಷೆ ಭಾಗ್ಯ." ಗಣಪು ಇಲ್ಲ, ಕಡಿದ ಮರ ಇಲ್ಲ, ವಿದ್ಯಾರ್ಥಿನಿಯೂ ಇಲ್ಲ.

ಮೊನ್ನೆ ರಿಸಲ್ಟ್ ಬಂತು. ಪಾಸು! ಇಂಗ್ಲಿಷಿನಲ್ಲಿ ನಲವತ್ತೊಂದು. ಕಿತ್ತಳೆ ಬುಟ್ಟಿ ಇಲ್ಲದೆ, ಜೀಪು ಕಳಿಸದೆ.

ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ಮಂಗಳವಾರ ಮೊದಲ ಬಸ್ಸಿಗೆ ಗಣಪು ಬಂದ. ಮಗಳು ಪಾಸಾದ ಮುಖ ಅಲ್ಲ ಅದು.

"ಕಾಲೇಜಿಗೆ ಸೇರುಕೆ ಶುಕ್ರವಾರ ಕಡೇ ದಿವ್ಸ ಅಂತೆ. ಒಂದು ವಾರ ಮುಂದೆ ಹಾಕುಕೆ ಪ್ರಿನ್ಸಿಪಾಲರಿಗೆ ನೀವು ಹೇಳ್ಬೇಕು ಅಮ್ಮ."

"ಯಾಕೆ? ನಾಳೆಯೇ ಕರೆದುಕೊಂಡು ಬಾ."

"ಸಂಕ ಉದ್ಘಾಟ್ನೆ ಆಗ್ಲಿಲ್ಲ ಅಲ."

ನನಗೆ ತಲೆಬುಡ ತಿಳಿಯಲಿಲ್ಲ. ಬಿಡಿಸಿ ಹೇಳಿದ. ಪೇಪರಿನಲ್ಲಿ ಬಂದ ಮೇಲೆ ಸಂಕ ಮರಿಸಾಹೇಬರದೇ ಆಯಿತು. ಕಳೆದ ವಾರ ಅವರ ಹುಡುಗರು ಬಂದು ಬಿದಿರಿಗೆ ಬಣ್ಣ ಬಳಿದು, ಈಚೆ ತುದಿಗೆ ರಿಬ್ಬನ್ ಕಟ್ಟಿ ಹೋಗಿದ್ದಾರೆ. ಸಾಹೇಬರು ಬಂದು ಕತ್ತರಿಸುವವರೆಗೆ ಯಾರೂ ಕಾಲಿಡಬಾರದು. ಡೇಟು? ಅದಿನ್ನೂ ಸಿಕ್ಕಿಲ್ಲ. ಸಾಹೇಬರು ದಿಲ್ಲಿಯಲ್ಲಿದ್ದಾರೆ. ಮತ್ತೆ ಪಾರ್ಟಿ ಬದಲಾಯಿಸುವ ಮಾತುಕತೆ.

"ಹಾಗಾದರೆ ನೀನು ಹೇಗೆ ಬಂದೆ?"

ಗಣಪು ತಲೆ ಕೆಳಗೆ ಹಾಕಿದ. "ಯಾರೂ ಏಳುಕಿಂತ ಮುಂಚೆ ದಾಟ್ದೆ. ಯಾರೂ ಕಾಣ್ಲಿಲ್ಲ."

ತನ್ನ ತೋಟದ ಮರ, ತಾನೇ ಕಡಿದದ್ದು, ತಾನೇ ಕಟ್ಟಿದ್ದು. ಕಳ್ಳನ ಹಾಗೆ ದಾಟಿ ಬಂದಿದ್ದಾನೆ!

"ಅವಳನ್ನೂ ಹಾಗೇ ಕರೆದುಕೊಂಡು ಬರಬಹುದಿತ್ತಲ್ಲ ಮಾರಾಯ?"

"ಜಾರ್ತದೆ ಅಮ್ಮ. ಕತ್ತಲೇಲಿ ಹೆಣ್ಣು ಹುಡುಗಿ..."

ಪ್ರಿನ್ಸಿಪಾಲರಿಗೆ ನಾನು ಹೇಳಲಿಲ್ಲ. ಹೇಳುವುದೂ ಇಲ್ಲ ಎಂದೆ. ಗಣಪು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದ. ಎರಡು ದಿನ ನನಗೆ ಊಟ ಸೇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಗೇಟಿನ ಸದ್ದು. ನಾಗವೇಣಿ. ಒಬ್ಬಳೇ. ಚಪ್ಪಲಿ ಕೈಯಲ್ಲಿ, ಕಾಲು ಮೊಣಕಾಲಿನವರೆಗೆ ಕೆಸರು.

"ಅಪ್ಪಂಗೆ ಗೊತ್ತಾ?"

"ಬರುವಾಗ ಗದ್ದೆಯಿಂದ ಕೂಗ್ದ. ನಾ ತಿರುಗಿ ನೋಡ್ಲಿಲ್ಲ."

"ರಿಬ್ಬನ್ ಇತ್ತಂತಲ್ಲ?"

"ಅಡಿಯಿಂದ ನುಸ್ದೆ ಅಮ್ಮ" ಎಂದಳು, ತಪ್ಪು ಒಪ್ಪಿಕೊಳ್ಳುವವಳ ಹಾಗೆ.

ಕಾಲೇಜಿಗೆ ಹೋಗಿ ಫಾರ್ಮಿಗೆ ಸಹಿ ಹಾಕಿಸಿ ಬಂದೆವು. ಸಂಜೆಯ ಬಸ್ಸಿಗೆ ಹೊರಟವಳನ್ನು ನಿಲ್ಲಿಸಿ, ನನ್ನ ಹೊಲಿಗೆ ಡಬ್ಬಿಯ ಕತ್ತರಿಯನ್ನು ತಂದು ಅವಳ ಚೀಲಕ್ಕೆ ಹಾಕಿದೆ. ವಾಪಸ್ ಹೋಗುವಾಗಲೂ ಅವಳು ಯಾಕೆ ಬಗ್ಗಬೇಕು?