ಆಖ್ರಿ ಕಟ್‌ನ ಅದಬ್

ಆ ದಿನ ಬೆಳಿಗ್ಗೆ ಮಾಡಿದ ಕೆಲಸಗಳು ನನ್ನ ನೋಟ್‌ಬುಕ್ಕಿನಲ್ಲಿ ಹೀಗಿವೆ: ಐದೂವರೆಗೆ ನಳದ ನೀರು ಹಿಡಿದದ್ದು. ಹನ್ನೊಂದು ರೊಟ್ಟಿ ಬಡಿದದ್ದು. ಕೌದಿಗಳನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದ್ದು. ಅತ್ತೆಯವರ ಬಿಪಿ ಗುಳಿಗೆ ಮುಗಿದಿದೆ ಎಂದು ಚೀಟಿ ಬರೆದದ್ದು, ಚೀಟಿಯನ್ನು ಮನೆಯಲ್ಲೇ ಮರೆತದ್ದು. ವರ್ಕ್‌ಶಾಪಿಗೆ ಬಂದು ಮೈಕ್ರೋಮೀಟರುಗಳನ್ನು ಒರೆಸಿ, ಸೊನ್ನೆ ಸರಿಯಾಗಿದೆಯೇ ನೋಡಿದ್ದು.

ಮೂರು ವರ್ಷದ ಹಿಂದಿನ ಮಾತು, ಸಂಕ್ರಾಂತಿ ಮುಗಿದ ವಾರ. ಬೀದರಿನಲ್ಲಿ ಹದಿನಾಲ್ಕು ಜನ ದುಡಿಯುವ ಒಂದು ವರ್ಕ್‌ಶಾಪಿನಲ್ಲಿ ನಾನು ಇನ್‌ಸ್ಪೆಕ್ಷನ್ ನೋಡಿಕೊಳ್ಳುತ್ತಿದ್ದೆ. ಈಗಲೂ ಅದೇ ಕೆಲಸ. ಮಷಿನ್ನಿನಿಂದ ಇಳಿದ ಸಾಮಾನನ್ನು ಅಳೆದು ಪಾಸು ಇಲ್ಲವೆ ಫೇಲು ಎನ್ನಬೇಕು. ಫೇಲಾದದ್ದಕ್ಕೆ ಕೆಂಪು ಬಣ್ಣ ಬಳಿಯಬೇಕು. ಹೀಗಾಗಿ ನಾನು ದೂರದಿಂದ ಬರುವುದನ್ನು ಕಂಡರೆ ಹುರುಪಿನ ಮಾತುಗಳೂ ಸ್ವಲ್ಪ ತಗ್ಗುತ್ತವೆ.

ಹತ್ತು ಗಂಟೆಗೆ ಭಾಲ್ಕಿಯಿಂದ ಮಾರುತಿರಾವ್ ಬಂದರು. ಅವರದು ಬೇಳೆ ಮಿಲ್ಲು. ತೊಗರಿ ಸುಗ್ಗಿ ಜೋರಾಗಿದ್ದಾಗಲೇ ಮಿಲ್ಲಿನ ರೋಲರ್ ಶಾಫ್ಟಿನ ತುದಿಯಲ್ಲಿ ನಟ್ಟು ಕೂಡುವ ಚೂಡಿ ಸವೆದು ಹೋಗಿತ್ತು. ಥ್ರೆಡ್ಡಿಗೆ ನಮ್ಮ ಕಡೆ ಚೂಡಿ ಎನ್ನುತ್ತಾರೆ. ಹೊಸ ಶಾಫ್ಟನ್ನು ನಾಲ್ಕು ದಿನದಿಂದ ತಯಾರು ಮಾಡಿ, ಬೇರಿಂಗಿನ ಜಾಗ ಗ್ರೈಂಡ್ ಮಾಡಿ ಇಟ್ಟಿದ್ದೆವು. ಉಳಿದದ್ದು ಚೂಡಿಯೊಂದೇ. ಅದು ಕೆಟ್ಟರೆ ಮತ್ತೆ ಮೊದಲಿನಿಂದ ನಾಲ್ಕು ದಿನ.

ಮಾರುತಿರಾವ್ ಹಳೆಯ ನಟ್ಟನ್ನು ಟವೆಲ್ಲಿನಲ್ಲಿ ಸುತ್ತಿ ತಂದು ಸ್ಟೂಲಿನ ಮೇಲೆ ಕುಳಿತರು. “ಇದು ಬಿಗಿಯಾಗಿ ಕೂಡೋತನಕ ನಾ ಏಳಂಗಿಲ್ರಿ. ಗಾಂಧಿ ಗಂಜಿನ ವ್ಯಾಪಾರಿಗಳು ಬೇಳಿಗಾಗಿ ತಾಸಿಗೊಮ್ಮೆ ಫೋನ್ ಮಾಡ್ಲಿಕತ್ತಾರ” ಎಂದರು.

ಚೂಡಿ ಹಾಕಬೇಕಾದವರು ಔರಾದಿನ ಮಸ್ತಾನ್ ಸಾಬರು. ಐವತ್ತೆಂಟರ ವಯಸ್ಸು. ಮೂವತ್ತು ವರ್ಷ ಕೈ ಲೇಥಿನ ಮೇಲೆ ದುಡಿದವರು. ಕಂಪ್ಯೂಟರ್ ನಡೆಸುವ ಸಿ.ಎನ್.ಸಿ. ಲೇಥಿಗೆ ಬಂದು ಎಂಟು ತಿಂಗಳಾಗಿತ್ತು. ಎಲ್ಲರಿಗೂ ಅವರು ಉಸ್ತಾದ್. ಆದರೆ ಆ ಮಷಿನ್ನಿನ ಮೇಲೆ ಚೂಡಿಯ ಕೆಲಸ ಅವರಿಗೆ ಬಂದದ್ದು ಆ ವಾರವೇ ಮೊದಲು, ಹಾಕಿದ ಎರಡು ಚೂಡಿಗಳೂ ತೆಳ್ಳಗಾಗಿ ನಟ್ಟು ಗಡಗಡ ಅಲ್ಲಾಡಿತ್ತು. ಎರಡಕ್ಕೂ ಕೆಂಪು ಬಳಿದವಳು ನಾನೇ.

ಮಾಲೀಕ ಶಿವರಾಜಪ್ಪನವರು ಒಳ್ಳೆಯ ಮನುಷ್ಯರು, ತಾಳ್ಮೆ ಮಾತ್ರ ಕಡಿಮೆ. ಎಲ್ಲರೆದುರೇ ಹೇಳಿಬಿಟ್ಟರು: “ಇವತ್ತೂ ಹಿಂಗೇ ಆದ್ರ ಉಸ್ತಾದ್ ನಾಳಿಂದ ಸ್ಟೋರಿನ್ಯಾಗ ಕೂಡಲಿ. ಬೋಲ್ಟ್ ಎಣಿಸ್ಲಿ.”

ಉಸ್ತಾದರು ನಕ್ಕರು. ಆದರೆ ಕೈಯಲ್ಲಿದ್ದ ಚಹಾವನ್ನು ಕುಡಿಯದೆ ಹಾಗೇ ಇಟ್ಟರು.

ಮೊದಲು ರದ್ದಿ ಸರಳಿನ ಮೇಲೆ ಪರೀಕ್ಷೆ ಮಾಡಿ ನೋಡೋಣ ಎಂದೆ. ಚೂಡಿ ಒಂದೇ ಏಟಿಗೆ ಆಗುವುದಲ್ಲ. ಲೋಹ ಕೊರೆಯುವ ಟೂಲು ಅದೇ ಗೆರೆಯಲ್ಲಿ ಹನ್ನೆರಡು ಸಲ ಹೋಗಿ, ಸಲಕ್ಕಿಷ್ಟು ಆಳ ತೆಗೆಯುತ್ತದೆ. ಪ್ರತಿ ಸಲವೂ ಹಳೆಯ ಗೆರೆಯಲ್ಲೇ ಇಳಿಯಬೇಕು. ಅದಕ್ಕಾಗಿ ಸಾಮಾನು ತಿರುಗಿಸುವ ಸ್ಪಿಂಡಲ್ಲಿಗೆ ಎನ್‌ಕೋಡರ್ ಎಂಬ ಪುಟ್ಟ ಯಂತ್ರ ಜೋಡಿಸಿರುತ್ತಾರೆ. ಒಂದು ಸುತ್ತು ಮುಗಿದಾಗಲೆಲ್ಲ ಅದು ಸಂಕೇತ ಕೊಡುತ್ತದೆ, ಆ ಸಂಕೇತ ಹಿಡಿದು ಟೂಲು ಹೊರಡುತ್ತದೆ. ಹುಡುಗಿಯರ ಹಗ್ಗದಾಟ ನೆನಪಿಸಿಕೊಳ್ಳಿ. ಹಗ್ಗ ನೆಲಕ್ಕೆ ಬಡಿದಾಗಲೇ ಒಳಗೆ ಹೆಜ್ಜೆ ಇಡಬೇಕು.

ಉಸ್ತಾದರ ಪರೀಕ್ಷಾ ಸರಳೂ ಫೇಲಾಯಿತು. ಚೂಡಿಯ ಒಂದು ಬದಿ ಅರ್ಧ ಮಿಲಿಮೀಟರಿನಷ್ಟು ಕೊರೆದುಹೋಗಿತ್ತು. ಎನ್‌ಕೋಡರಿನ ಬೆಲ್ಟು ಸಡಿಲಾಗಿರಬೇಕೆಂದು ಹಿಂದಿನ ಮುಚ್ಚಳ ತೆಗೆದು ನೋಡಿದೆವು. ಬೆಲ್ಟು ಬಿಗಿಯಾಗೇ ಇತ್ತು. ಮಷಿನ್ ಬಂದಾಗ ನನಗೂ ತರಬೇತಿ ಆಗಿತ್ತು, ಅದೇ ಪ್ರೋಗ್ರಾಮನ್ನು ನಾನೇ ನಡೆಸಿದೆ. ಚೂಡಿ ಚೊಕ್ಕಾಗಿ ಬಂತು!

“ನೋಡ್ರಿ, ಮಷಿನ್ ಉಸ್ತಾದರ ಮ್ಯಾಲೆ ಸಿಟ್ಟಾಗ್ಯಾದ” ಎಂದರು ಮಾರುತಿರಾವ್. “ಒಂದು ತೆಂಗಿನಕಾಯಿ ಒಡೀರಿ.”

“ಬರೇ ತೆಂಗಿನಕಾಯಿಗಿ ಕೇಳಂಗಿಲ್ರಿ ಅದು, ಬಿರ್ಯಾನಿ ಕೇಳ್ತದ” ಎಂದರು ಉಸ್ತಾದರು. ಎಲ್ಲರೂ ನಕ್ಕರು. ಶಿವರಾಜಪ್ಪನವರು ಮಾತ್ರ ಸ್ಟೋರಿನ ಬೀಗದ ಕೈ ಹುಡುಕತೊಡಗಿದರು.

ನನಗೆ ಪೇಚಿಗಿಟ್ಟುಕೊಂಡಿತು. “ಉಸ್ತಾದ್, ನೀವು ಏನರ ಬದಲ್ ಮಾಡ್ತೀರೇನು?”

“ಕಸಂ ಸೆ ಅಕ್ಕೋರ, ಆಣಿ ಮಾಡಿ ಹೇಳ್ತೀನಿ, ಏನೂ ಬದಲ್ ಮಾಡಿಲ್ರಿ. ನೀವು ಹೇಳಿದಂಗೇ ಬಟನ್ ಒತ್ತೀನಿ.”

ಅವರು ಸುಳ್ಳು ಹೇಳುವವರಲ್ಲ. ನಾನು ಸ್ಟೂಲು ಎಳೆದುಕೊಂಡು ಮಷಿನ್ನಿನ ಪಕ್ಕ ಕುಳಿತೆ. “ಇನ್ನೊಂದು ಸರಳು ಹಾಕ್ರಿ. ನಿಮ್ಮ ಕೈ ಎಲ್ಲೆಲ್ಲಿ ಹೋಗ್ತಾವ ಅಷ್ಟೇ ಬರಕೋತೇನಿ” ಎಂದೆ.

“ಕೈ ನೋಡಿ ನಸೀಬ ಹೇಳ್ತೀರೇನು?”

“ಸ್ಟೋರೋ ಮಷಿನ್ನೋ, ಅಷ್ಟು ಹೇಳ್ತೇನಿ.”

ಒಂದನೇ ಕಟ್: ಕೈ ಬಾಗಿಲ ಹಿಡಿಕೆಯ ಮೇಲೆ. ಎರಡನೆಯದು: ಅಲ್ಲೇ. ಮೂರನೆಯದು: ಗಡ್ಡ ತುರಿಸಿದರು. ಹೀಗೇ ಬರೆಯುತ್ತ ಹೋದೆ. ಹನ್ನೊಂದು ಮುಗಿಯಿತು, ಟೂಲು ಹಿಂದಕ್ಕೆ ಬಂತು. ಆಗ ಅವರ ಎಡಗೈ, ಮಲಗಿದ ಕೂಸಿನ ಹೊದಿಕೆ ಸರಿಪಡಿಸುವಷ್ಟು ಮೆತ್ತಗೆ, ಸ್ಪಿಂಡಲ್ ವೇಗದ ಗುಂಡಿಯನ್ನು ಎಡಕ್ಕೆ ತಿರುಗಿಸಿತು. ಪರದೆಯ ಮೇಲೆ ನಿಮಿಷಕ್ಕೆ ಆರುನೂರು ಸುತ್ತು ಇದ್ದದ್ದು ಮುನ್ನೂರಾಯಿತು. ಹನ್ನೆರಡನೆಯ ಕಟ್ ಮುಗಿದದ್ದೇ ತಡ, ಗುಂಡಿ ಮತ್ತೆ ಮೊದಲಿನ ಜಾಗಕ್ಕೆ.

“ಉಸ್ತಾದ್, ಇದೇನಿದು?”

“ಯಾವುದು?” ತಮ್ಮ ಕೈಯನ್ನೇ ನೋಡಿಕೊಂಡರು. “ಓ, ಇದಾ? ಇದು ಬದಲ್ ಅಲ್ರಿ, ಇದು ಅದಬ್. ಆಖ್ರಿ ಕಟ್ ಯಾವಾಗ್ಲೂ ಹಗೂರ್ಕ ತಗೀಬೇಕು ಅಂತ ನಮ್ಮ ಉಸ್ತಾದ್ ಹೇಳಿದ್ರು. ಚೂಡಿ ಕನ್ನಡಿ ಆಗ್ತದ.”

ಅದಬ್ ಅಂದರೆ ಮರ್ಯಾದೆ, ವಿನಯ. ಕೈ ಲೇಥಿನಲ್ಲಿ ಆ ಮರ್ಯಾದೆ ನಡೆಯುತ್ತದೆ. ಅಲ್ಲಿ ಸ್ಪಿಂಡಲ್ಲಿಗೂ ಟೂಲಿಗೂ ಗೇರುಗಳ ಗಂಟು ಇದೆ. ಒಂದು ನಿಧಾನವಾದರೆ ಇನ್ನೊಂದೂ ಅಷ್ಟೇ ನಿಧಾನ. ಸಿ.ಎನ್.ಸಿ.ಯಲ್ಲಿ ಆ ಗಂಟಿಲ್ಲ. ಸಂಕೇತ ಸಿಕ್ಕ ಮೇಲೆ ಟೂಲು ವೇಗ ಹಿಡಿಯಲು ಕಣ್ಣು ಮಿಟುಕಿಸುವಷ್ಟು ಹೊತ್ತು ಬೇಕು, ಅಷ್ಟರಲ್ಲಿ ಸಾಮಾನು ಒಂದಿಷ್ಟು ತಿರುಗಿರುತ್ತದೆ. ವೇಗ ಒಂದೇ ಇದ್ದರೆ ಪ್ರತಿ ಸಲವೂ ಅಷ್ಟೇ ತಿರುಗುತ್ತದೆ, ಗೆರೆ ತಪ್ಪುವುದಿಲ್ಲ. ನಡುವೆ ವೇಗ ಬದಲಿಸಿದರೆ ಟೂಲು ಗೆರೆಯ ಪಕ್ಕಕ್ಕೆ ಇಳಿಯುತ್ತದೆ. ಹಗ್ಗ ತಿರುಗಿಸುವವರು ಒಮ್ಮೆಲೆ ನಿಧಾನ ಮಾಡಿದರೆ ಜಿಗಿಯುವವಳು ಎಡವಿದಂತೆ. ಹೊಸ ಮಷಿನ್ನುಗಳಲ್ಲಿ ಚೂಡಿ ಹಾಕುವಾಗ ಆ ಗುಂಡಿ ಕೆಲಸ ಮಾಡದಂತೆ ಬಂದೋಬಸ್ತು ಇರುತ್ತದೆ. ನಮ್ಮದು ಹಳೆಯದು.

ಇಷ್ಟನ್ನೂ ಹೇಳಿದೆ. ಉಸ್ತಾದರು ಗುಂಡಿಯನ್ನು ಬೆರಳಿನಿಂದ ಒಮ್ಮೆ ತಟ್ಟಿದರು. ಆಮೇಲೆ ಮುಖ ಅರಳಿತು.

“ಅಂದ್ರ ಈ ಮಷಿನ್ನಿನ್ಯಾಗ ಅದಬ್ ಮೊದಲನೇ ಕಟ್‌ನಿಂದಾನೇ ಇರಬೇಕು ಅಂತೀರಿ!”

ಅವರು ಹೇಳಿದ್ದನ್ನೇ ಮಾಡಿದೆವು. ಪ್ರೋಗ್ರಾಮಿನಲ್ಲೇ ವೇಗವನ್ನು ಮುನ್ನೂರಕ್ಕೆ ಇಳಿಸಿ, ನಿಜವಾದ ಶಾಫ್ಟನ್ನು ಏರಿಸಿದೆವು. ಉಸ್ತಾದರು ಬಟನ್ ಒತ್ತಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಹನ್ನೊಂದನೆಯ ಕಟ್ ಆದಾಗ ಎಡಗೈ ತಪ್ಪಿಸಿಕೊಳ್ಳಲು ಹೊರಟಿತು. ಬಲಗೈ ಅದನ್ನು ಬಿಗಿಯಾಗಿ ಹಿಡಿಯಿತು. ಹನ್ನೆರಡನೆಯದು ಮುಗಿದ ಮೇಲೆ ನಾನು ಚೂಡಿ ಅಳೆಯುವ ಎರಡು ಗೇಜುಗಳನ್ನು ಕೈಗೆತ್ತಿಕೊಂಡೆ.

ಹೋಗಬೇಕಾದ ಗೇಜು ಸಲೀಸಾಗಿ ಹೋಯಿತು. ಹೋಗಬಾರದ ಗೇಜು ಬಾಗಿಲಲ್ಲೇ ನಿಂತಿತು. ಮಾರುತಿರಾವ್ ಟವೆಲ್ ಬಿಚ್ಚಿ ನಟ್ಟನ್ನು ತಾವೇ ತಿರುಗಿಸಿದರು. ಎರಡೇ ಬೆರಳಲ್ಲಿ ಕೊನೆಯತನಕ ಹೋಯಿತು, ಎಲ್ಲೂ ಅಲ್ಲಾಡಲಿಲ್ಲ. ಆಗಷ್ಟೇ ಸ್ಟೂಲಿನಿಂದ ಎದ್ದವರು ಉಸ್ತಾದರನ್ನು ತಬ್ಬಿಕೊಂಡರು.

“ಮಾಲಕ್ರ, ನಾಳಿ ಸ್ಟೋರಿನ್ಯಾಗ ಯಾರು ಕೂಡಬೇಕ್ರಿ?” ಎಂದು ಉಸ್ತಾದರು ಕೇಳಿದರು.

“ನಾನೇ ಕೂಡ್ತೇನಿ ತಗೋರಿ. ನನಗೂ ಸ್ವಲ್ಪ ಅದಬ್ ಬರಲಿ” ಎಂದರು ಶಿವರಾಜಪ್ಪನವರು.

ಶಾಫ್ಟು ಮೂರು ಗಂಟೆಯ ಟೆಂಪೋದಲ್ಲಿ ಭಾಲ್ಕಿಗೆ ಹೋಯಿತು. ಮಿಲ್ಲು ಶುರುವಾಯಿತೆಂದು ಸಂಜೆ ಫೋನ್ ಬಂತು. ಹಿಂದಿನ ಸದ್ದಿನಲ್ಲಿ ಮಾರುತಿರಾವ್ ಮಾತು ಅರ್ಧ ಕೇಳಿಸಲಿಲ್ಲ. ಆ ಸದ್ದೇ ಸಾಕಾಗಿತ್ತು.

ಏನು ಬದಲಾಯಿಸಿದಿರಿ ಎಂದು ಕೇಳಿದರೆ ಜನ ತಮ್ಮ ತಪ್ಪುಗಳನ್ನಷ್ಟೇ ಹುಡುಕಿಕೊಳ್ಳುತ್ತಾರೆ. ಒಳ್ಳೆಯ ರೂಢಿಯನ್ನು ಯಾರೂ ಆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂದಿನಿಂದ ನಾನು ಕೆಂಪು ಬಳಿಯುವ ಮೊದಲು ಪಕ್ಕದಲ್ಲಿ ಕುಳಿತು, “ದಿನಾ ಹ್ಯಾಂಗ ಮಾಡ್ತೀರಿ, ಹಂಗೇ ಮಾಡಿ ತೋರಿಸ್ರಿ” ಎನ್ನುತ್ತೇನೆ.

ಅಂದು ರಾತ್ರಿಯ ಊಟ: ರೊಟ್ಟಿ, ಪುಂಡಿ ಪಲ್ಯ, ಗಟ್ಟಿ ಬೇಳೆ, ಮೇಲೊಂದು ಹಸಿ ಉಳ್ಳಾಗಡ್ಡಿ. ನಮ್ಮ ಯಜಮಾನರು ಸಾಲಿಯಲ್ಲಿ ಗಣಿತ ಕಲಿಸುತ್ತಾರೆ, ತಿಳಿದೀತೆಂದು ಅವರಿಗೆ ಎಲ್ಲವನ್ನೂ ವಿವರಿಸಿದೆ. ಎನ್‌ಕೋಡರ್‌ವರೆಗೆ “ಹೂಂ” ಎಂದರು. ಆರನೆಯ ಕಟ್‌ಗೆ ಬರುವಷ್ಟರಲ್ಲಿ ಗೊರಕೆ ಕೇಳಿಸಿತು. ಅಂದು ಮನೆಯಲ್ಲಿ ಎಲ್ಲರಿಗಿಂತ ಮೊದಲು ಮಲಗಿದವರು ಅವರೇ.